ಸಾಹುಕಾರರ ತುಟಿ ಓದಿದ ಮಾವ

ನಮ್ಮ ಸೋದರಮಾವನಿಗೆ ಕಿವಿ ಕೇಳುತ್ತಿರಲಿಲ್ಲ. ಆದರೆ ಇಡೀ ದಾವಣಗೆರೆಯಲ್ಲಿ ಅವನಷ್ಟು ಗುಟ್ಟು ತಿಳಿದವರು ಇನ್ನೊಬ್ಬರಿರಲಿಲ್ಲ! ಅದು ಹೇಗೆ ಎನ್ನುತ್ತೀರಾ? ಮಾವ ಬಟ್ಟೆ ಮಿಲ್ಲಿನಲ್ಲಿ ಇಪ್ಪತ್ತೈದು ವರ್ಷ ಮಗ್ಗ ನಡೆಸಿದವನು. ಆ ಮಗ್ಗಗಳ ಗದ್ದಲದಲ್ಲಿ ಪಕ್ಕದಲ್ಲಿ ನಿಂತು ಕೂಗಿದರೂ ಕೇಳದು. ಹಾಗಾಗಿ ಅಲ್ಲಿನವರೆಲ್ಲ ಒಬ್ಬರ ತುಟಿ ಇನ್ನೊಬ್ಬರು ನೋಡಿಯೇ ಮಾತಾಡುತ್ತಿದ್ದರು. ಕಿವಿ ಮಿಲ್ಲಿನ ಪಾಲಾಯಿತು, ಈ ವಿದ್ಯೆ ಮಾವನ ಪಾಲಿಗೆ ಉಳಿಯಿತು.

ಇದರಿಂದ ಮೊದಲು ಕಂಗೆಟ್ಟವಳು ನಮ್ಮತ್ತೆ. ಅಡುಗೆಮನೆಯಲ್ಲಿ ನಿಂತು ಗಂಡನನ್ನು ಬೈದುಕೊಂಡರೆ ಪಡಸಾಲೆಯಿಂದ ಉತ್ತರ ಬರುತ್ತಿತ್ತು! ಕೊನೆಗೆ ಗೋಡೆಯ ಕಡೆ ಮುಖ ಮಾಡಿ ಬೈಯುವುದನ್ನು ಕಲಿತಳು.

"ಇದು ಅನ್ಯಾಯ! ತನ್ನ ಮ್ಯಾಲಿನ ಆರೋಪ ಏನಂತ ತಿಳ್ಕೊಳ್ಳೋ ಹಕ್ಕು ಕಾರ್ಮಿಕನಿಗೆ ಐತೆ!" ಎಂದು ಮಾವ ಗುಡುಗುತ್ತಿದ್ದ.

ಅತ್ತೆ ತಿರುಗಿ, ತುಟಿ ಬಿಡಿಸಿ ಬಿಡಿಸಿ, "ಮೊದ್ಲು ಹೋಗಿ ನಲ್ಲಿ ನೀರು ಹಿಡೀರಿ" ಎನ್ನುತ್ತಿದ್ದಳು. ಅದೊಂದು ಮಾತು ಮಾತ್ರ ಮಾವನ ಕಣ್ಣಿಗೆ ಬೀಳುತ್ತಿರಲಿಲ್ಲ.

ಯೂನಿಯನ್ನಿನವರು ಮಾತುಕತೆಗೆ ಹೋಗುವಾಗ ಮಾವನನ್ನೂ ಕರೆದೊಯ್ಯುತ್ತಿದ್ದರು. ಮಾತಾಡಲಿಕ್ಕಲ್ಲ, ಕೂತು ನೋಡಲಿಕ್ಕೆ! ಮಿಲ್ಲಿನ ಒಡೆಯರಾದ ಸಾಹುಕಾರರು ಬಹಳ ಸಜ್ಜನರು. ಕಾರ್ಮಿಕರನ್ನು "ನನ್ನ ಮಕ್ಕಳು" ಎನ್ನದೆ ಮಾತು ಶುರು ಮಾಡುತ್ತಿರಲಿಲ್ಲ. ಸ್ವಂತ ಮಕ್ಕಳಿಗೆ ಮಾತ್ರ ಮಿಲ್ಲಿನ ಗಾಳಿ ಸೋಕಿಸಿರಲಿಲ್ಲ, ಅಷ್ಟೆ. ಒಮ್ಮೆ ಬೋನಸ್ಸಿನ ಮಾತುಕತೆಯಲ್ಲಿ ಅವರು ಮ್ಯಾನೇಜರ ಕಡೆ ಬಾಗಿ ಏನೋ ಪಿಸುಗುಟ್ಟಿದರು. ಮಾವ ಎದ್ದು ನಿಂತ.

"ಮಂಡಕ್ಕಿ ಮಿರ್ಚಿ ತರಿಸು, ತಿಂದು ಎದ್ದು ಹೋಗ್ತಾವೆ ಅಂತಾರ್ರೀ ಸಾಹುಕಾರ್ರು!"

ಮುಖಂಡರು ಕೆಂಡವಾದರು. ಅಷ್ಟರಲ್ಲಿ ಬಿಸಿಬಿಸಿ ಮಿರ್ಚಿ ಬಂತು. ಕೆಂಡವಾಗಿದ್ದವರು ತಿಂದೇ ಎದ್ದರು! ಅಂದಿನಿಂದ ಸಾಹುಕಾರರಿಗೆ ಸಭೆ ಇದ್ದಾಗಲೆಲ್ಲ ನೆಗಡಿ. ಬಾಯಿಗೆ ಕರ್ಚೀಫು ಅಡ್ಡ.

ಒಂದು ಬೆಳಿಗ್ಗೆ ಮಿಲ್ಲಿನ ಗೇಟಿನಲ್ಲಿ, ಕಾರೊಳಗೆ ಕೂತಿದ್ದ ಸಾಹುಕಾರರು ಕರ್ಚೀಫು ಮರೆತರು. ಗಾಜಿನಾಚೆ ಅವರು, "ದೀಪಾವಳಿ ಮುಗೀಲಿ, ಬೀಗ ಹಾಕಿಬಿಡಾಣ" ಎಂದದ್ದು ಮಾವನಿಗೆ ಕಂಡಿತು. ಓಡಿಹೋಗಿ ಎಲ್ಲರಿಗೂ ಹೇಳಿದ. ಯಾರು ನಂಬಬೇಕು?

"ಎಲೆಅಡಿಕೆ ಜಗೀತಿದ್ರೇನೋ, ನೀನು ಅದನ್ನೂ ಓದಿದ್ಯಾ?" ಎಂದು ನಕ್ಕರು.

ದೀಪಾವಳಿ ಮುಗಿಯಿತು, ಬೀಗ ಬಿತ್ತು. ಗೇಟಿಗೆ ಅಂಟಿಸಿದ್ದ ನೋಟಿಸು ಸಹ 'ಪ್ರೀತಿಯ ಕಾರ್ಮಿಕ ಬಂಧುಗಳೇ' ಎಂದೇ ಶುರುವಾಗಿತ್ತು.

ದಾವಣಗೆರೆ ಆಗಷ್ಟೇ ಜಿಲ್ಲೆಯಾಗಿತ್ತು. ಮನವಿ ಕೊಡಲು ಚಿತ್ರದುರ್ಗದ ಬಸ್ಸು ಹತ್ತುವ ತಾಪತ್ರಯ ತಪ್ಪಿತ್ತು. ಬಡವರಿಗೆ ಅಭಿವೃದ್ಧಿ ಎಂದರೆ ಇನ್ನೇನು! ಜಿಲ್ಲಾಧಿಕಾರಿ ಕಚೇರಿಗೆ ಮೆರವಣಿಗೆ ಹೊರಟಿತು. ಹರಿಹರದಲ್ಲಿ ಕಾಲೇಜು ಓದುತ್ತಿದ್ದ ನಾನೂ ಬಂದು ಸೇರಿಕೊಂಡೆ. ಮಾವ ಬಾವುಟ ಹಿಡಿದು ಎಲ್ಲರಿಗಿಂತ ಮುಂದೆ. ಅರ್ಧ ದಾರಿಯಲ್ಲಿ ಯಾರೋ, ಮಂತ್ರಿಗಳು ಪ್ರವಾಸಿ ಮಂದಿರಕ್ಕೆ ಬಂದಿದ್ದಾರೆ ಎಂದರು. ಮೆರವಣಿಗೆ ಅತ್ತ ತಿರುಗಿತು. ಹಿಂದಿನಿಂದ ಎಷ್ಟು ಕೂಗಿದರೂ ಮಾವನಿಗೆ ಕೇಳಬೇಕಲ್ಲ! ಧಿಕ್ಕಾರ ಕೂಗುತ್ತ ನೆಟ್ಟಗೆ ನಡೆದೇ ನಡೆದ. ಹಿಂದೆ ಓಡಿದವನು ನಾನೊಬ್ಬನೇ.

ಕಚೇರಿಯ ಮುಂದೆ ಪೊಲೀಸರು ಲಾಠಿ ಹಿಡಿದು ಸಾಲಾಗಿ ನಿಂತಿದ್ದರು. ಇನ್‌ಸ್ಪೆಕ್ಟರು ಮಾವನನ್ನು ಮೇಲಿಂದ ಕೆಳಗೆ ನೋಡಿ, "ಎಷ್ಟು ಮಂದಿ ಬಂದೀರಿ?" ಎಂದರು.

"ಎಂಟುನೂರು!" ಎಂದು ಮಾವ ಠೀವಿಯಿಂದ ಹಿಂದೆ ಕೈ ತೋರಿಸಿದ. ಹಿಂದೆ ನಾನು ಏದುಸಿರು ಬಿಡುತ್ತ ನಿಂತಿದ್ದೆ.

ಒಬ್ಬ ಮನುಷ್ಯನನ್ನು ಚದುರಿಸುವುದು ಹೇಗೆಂದು ಪೊಲೀಸರಿಗೂ ತಿಳಿಯಲಿಲ್ಲ. ಅತ್ತ ಎಂಟುನೂರು ಜನಕ್ಕೆ ಮಂತ್ರಿಗಳು ಭರವಸೆ ಕೊಟ್ಟರು. ಇತ್ತ ಮಾವನಿಗೆ ಇನ್‌ಸ್ಪೆಕ್ಟರು ಒಂದು ಚಹಾ ಕೊಡಿಸಿದರು. ಅಂದಿನ ಹೋರಾಟದಲ್ಲಿ ಕೈಗೆ ಸಿಕ್ಕಿದ್ದು ಅದೊಂದೇ!

ಆಮೇಲೆ ಮಾವ ಮಾಡಿದ್ದನ್ನು ಹೇಳಿದರೆ ನಂಬುತ್ತೀರೋ ಇಲ್ಲವೋ. ಅದೇ ಸಾಹುಕಾರರ ಹತ್ತಿರ ಹೋಗಿ, ಮುಚ್ಚಿದ ಮಿಲ್ಲಿಗೆ ಹಗಲು ಕಾವಲುಗಾರನಾಗಿ ಸೇರಿಕೊಂಡುಬಿಟ್ಟ! ಕಿವುಡ ಕಾವಲುಗಾರ! ಜನ ನಕ್ಕರು. ಸಂಗಾತಿಗಳು "ಮಾರಿಕೊಂಡ" ಎಂದು ಮುಖ ತಿರುಗಿಸಿದರು. ತಮ್ಮ ಹೀಗೆ ಮಾಡಿದನಲ್ಲಾ ಎಂದು ನಮ್ಮಮ್ಮ ಹರಿಹರದಲ್ಲಿ ಕೂತು ಅತ್ತಳು. ನನಗೂ ಸಿಟ್ಟು ಬಂದು, ಒಂದು ಮಧ್ಯಾಹ್ನ ನೇರ ಗೇಟಿಗೇ ಹೋದೆ.

ಒಳಗೆ ಬೇವಿನ ಮರದ ಕೆಳಗೆ ಮಾವನ ಜೊತೆ ಮಾಯಕೊಂಡದ ಗೆಳೆಯನೊಬ್ಬ ಕೂತಿದ್ದ. ಮಾವನ ಪಕ್ಕದ ಮಗ್ಗದಲ್ಲಿ ದುಡಿದವನು. ಇಬ್ಬರ ನಡುವೆ ಬಿಚ್ಚಿದ ಊಟದ ಡಬ್ಬಿ.

"ಯಾಕ ಮಾವ ಈ ಕೆಲ್ಸ ಒಪ್ಕಂಡೆ?" ಎಂದೆ.

ಮಾವ ಗೆಳೆಯನ ಮುಖ ನೋಡಿದ. ಅವನು ತಲೆ ತಗ್ಗಿಸಿದ ಮೇಲೆ ನನ್ನನ್ನು ಆಚೆ ಕರೆದೊಯ್ದು ಹೇಳಿದ:

"ಇವನ ಮಗಳ ಲಗ್ನ ಮುಂದಿನ ತಿಂಗ್ಳು ಐತೆ. ಹೆಣ್ಣಿನಪ್ಪ ಮಿಲ್ಲಿನಾಗ ಅದಾನೆ ಅಂತ ಗಂಡಿನ ಕಡೇರು ಒಪ್ಪಿದ್ದು. ಇವ್ರೂರಿಂದ ಇಲ್ಲಿಗೆ ಬರೋನು ಇವನೊಬ್ನೇ. ಮುಚ್ಚಿದ್ದು ಹೆಂಡ್ತಿಗೂ ಹೇಳಿಲ್ಲ. ದಿನಾ ಡಬ್ಬಿ ಹಿಡ್ಕಂಡು ರೈಲಿಗೆ ಬರ್ತಾನೆ. ಸಂಜಿತನ ಎಲ್ಲಿ ಕೂಡ್ಲಿ ಹೇಳು? ಸ್ಟೇಷನ್ನಿನಾಗ ಕುಂತ್ರೆ ಊರ ಮಂದಿ ನೋಡ್ತಾರೆ. ಒಳಗೆ ಬಿಡಾಕೆ ಕೀಲಿ ನನ್ನ ಕೈಯಾಗ ಇರಬೇಕಲ್ಲೋ."

ನಾನೂ ಹೋಗಿ ಬೇವಿನ ಮರದ ಕೆಳಗೆ ಕೂತೆ.

ಸಂಜೆ, ಮೊದಲು ಪಾಳಿ ಬಿಡುತ್ತಿದ್ದ ಹೊತ್ತಿಗೆ ಗೆಳೆಯ ಖಾಲಿ ಡಬ್ಬಿ ಎತ್ತಿಕೊಂಡು ಹೊರಟ. "ನಿಲ್ಲೋ" ಎಂದು ಮಾವ ಮಗ್ಗಗಳಿದ್ದ ಕಟ್ಟಡದೊಳಗೆ ಹೋಗಿ ಒಂದು ಹಿಡಿ ಹತ್ತಿಯ ನವಿರೆಳೆ ತಂದ. ಗೆಳೆಯನ ಕೂದಲಿಗೆ, ಹುಬ್ಬಿಗೆ, ಅಂಗಿಯ ಭುಜಕ್ಕೆ ಒಂದೊಂದೇ ಎಳೆ ಅಂಟಿಸತೊಡಗಿದ. ಆತ ಕಣ್ಣು ಮುಚ್ಚಿ ನಿಂತಿದ್ದ. ಮಾವ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಮತ್ತೆ ಹತ್ತಿರ ಬಂದು ಕಿವಿಯ ಮೇಲೆ ಇನ್ನೊಂದು ಎಳೆ ಇಟ್ಟ.

"ಹ್ಞೂ, ಈಗ ಕೆಲ್ಸ ಮಾಡಿ ಬಂದಂಗೆ ಕಾಣ್ತೀಯ. ನಡಿ, ರೈಲಿಗೆ ಹೊತ್ತಾತು."