ನನ್ನೆದೆಯಲ್ಲಿ ಮೀನು ತೋರಿಸಿದ ಯಂತ್ರದವರಿಗೆ

ದೊಡ್ಡಾಸ್ಪತ್ರೆಯ ಎರಡನೇ ಮಹಡಿಯ ತಣ್ಣನೆಯ ಕೋಣೆಯಲ್ಲಿ ದಯಮಾಡಿಸಿರುವ, ಹೃದಯವನ್ನು ಮೂರು ಆಯಾಮದಲ್ಲಿ ತೋರಿಸುವ ಮಾನ್ಯ ಎಕೋ ಯಂತ್ರದವರೇ,

ರಾಮಸಮುದ್ರದ ಮಲ್ಲಿಕಮ್ಮ ಮಾಡುವ ಶರಣು. ಇವತ್ತು ಸೋಮವಾರ, ನನ್ನ ಉಪವಾಸ. ಅಂಗಳ ಸಾರಿಸಿ, ಎಮ್ಮೆ ಹಿಂಡಿ, ಪಡಸಾಲೆಯಲ್ಲೇ ಕೂತು ಅಂಗೈಯ ಲಿಂಗಪೂಜೆ ಮುಗಿಸಿ, ಮನೆಯವರಿಗೆ ರೊಟ್ಟಿ ಬಡಿದಿಟ್ಟು ಈ ಪತ್ರಕ್ಕೆ ಕುಳಿತಿದ್ದೇನೆ. ನಡುವೆ ನಾಲ್ಕು ಸಲ ಉಸಿರು ಸಾಲದೆ ಗೋಡೆ ಹಿಡಿದು ಕೂತೆನೆಂದು ತಮಗೆ ಬೇರೆ ಹೇಳಬೇಕಾಗಿಲ್ಲ. ನನ್ನ ಒಳಗಿನದೆಲ್ಲ ಕಂಡವರು ತಾವು.

ಮೊದಲು ತಮ್ಮನ್ನು ಹೊಗಳಬೇಕು. ಹೋದ ವರ್ಷದ ಹಳೆಯ ಯಂತ್ರ ಬಾಗಿಲ ಸಂದಿಯಿಂದ ಇಣುಕಿದಂತೆ ಮಾಡಿ, ಹೃದಯದ ಕವಾಟ ಸ್ವಲ್ಪ ಸಣ್ಣದಾಗಿದೆ ಎಂದು ಸುಮ್ಮನಾಗಿತ್ತು. ತಾವಾದರೆ ಮಾಳಿಗೆಯ ಬೆಳಕಿಂಡಿಯಿಂದ ಬಗ್ಗಿ ನೋಡಿದ ಹಾಗೆ ಮೇಲಿನಿಂದ, ಕೆಳಗಿನಿಂದ, ಮಗ್ಗುಲಿನಿಂದ ನೋಡಿ, ನಾಲ್ಕು ಚದರ ಸೆಂಟಿಮೀಟರ್ ತೆರೆಯಬೇಕಾದದ್ದು ಒಂದೂ ತೆರೆಯುತ್ತಿಲ್ಲವೆಂದು ಅಳೆದು ಹೇಳಿದಿರಿ. ಮೂವತ್ತೆರಡು ವರ್ಷ ಸಂಸಾರ ಮಾಡಿದ ನಮ್ಮ ಯಜಮಾನರಿಗೂ ನನ್ನ ಹೃದಯ ಇಷ್ಟು ಕಂಡಿಲ್ಲ.

ದೂರು ಇರುವುದು ಆ ಕವಾಟದ ಚಿತ್ರದ ಬಗ್ಗೆ. ತಮ್ಮನ್ನು ನಡೆಸುವ ಅಲ್ತಾಫ್ ಅದನ್ನು ಮುದ್ರಿಸಿ ಕೈಗೆ ಕೊಟ್ಟು, "ನೋಡ್ರಿ ಅವ್ವಾರ, ಥೇಟ್ ಮೀನಿನ ಬಾಯಿ ಕಂಡಂಗ ಕಾಣಾಕತ್ತದ" ಎಂದ. ಮೀನು! ಹುಟ್ಟಿದಾಗಿನಿಂದ ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ಮೊಟ್ಟೆ ಬೆಂದ ಮನೆಯಲ್ಲಿ ನೀರು ಮುಟ್ಟದವಳು ನಾನು. ಅಂಥವಳ ಎದೆಯಲ್ಲಿ, ಲಿಂಗದ ಬುಡಕ್ಕೇ ಮೀನೊಂದು ಬಾಯಿ ಬಿಡುತ್ತ ಕೂತಿದೆಯೆಂದರೆ ಅದು ಯಾವ ಹಾದಿಯಿಂದ ಒಳಗೆ ಬಂತು? ಪಕ್ಕದ ಇನ್ನೊಂದು ಕವಾಟವನ್ನು ತಾವೇ ಮೂರೆಸಳಿನ ಬಿಲ್ವಪತ್ರಿಯಂತೆ ತೋರಿಸಿದಿರಿ. ಮಲಗಿದಲ್ಲೇ ಕೈ ಮುಗಿದೆ. ಇದನ್ನೂ ಪತ್ರಿ ಮಾಡಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು?

ಮನೆಯಲ್ಲೇ ಇರುವ ನಾದಿನಿ ಹಂಪಮ್ಮ ಚಿತ್ರ ನೋಡಿದವಳೇ, "ಆ ಮೀನ ಹೊರಗ ಹೋಗೋತನಕ ವೈನಿ ದೇವರ ಮನಿ ಮುಟ್ಟಬಾರದು" ಎಂದು ಫರ್ಮಾನು ಹೊರಡಿಸಿದಳು. ಬಲೂನು ಹಾಕಿ ಕವಾಟ ಅಗಲ ಮಾಡಲು ಡಾಕ್ಟರು ಕೊಟ್ಟ ದಿನವನ್ನು, ಮೊದಲು ಶುದ್ಧಿಯಾಗಲಿ ಎಂದು ಎರಡು ಸಲ ತಪ್ಪಿಸಿದಳು. ಈಗ ಮೂರನೆಯದು, ಬರುವ ಗುರುವಾರ. ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ ಮೀನನ್ನು ಹಿಂಪಡೆದು ತಾವರೆಮೊಗ್ಗಿನ ಚಿತ್ರ ಕಳಿಸಬೇಕು. ಆಗದಿದ್ದರೆ ಈ ಮೀನು ಸಸ್ಯಾಹಾರಿಯೆಂದು ಮೊಹರು ಒತ್ತಿದ ಪ್ರಮಾಣಪತ್ರ ಕೊಡಬೇಕು. ಅದೂ ಆಗದಿದ್ದರೆ, ಮೀನಿಗೆ ಲಿಂಗದೀಕ್ಷೆ ಕೊಟ್ಟು ಬರಲು ಮಠದ ಅಯ್ಯನವರು ನನ್ನ ಎದೆಯೊಳಗೆ ಹೊಕ್ಕು ಹೊರಬರುವ ದಾರಿಯನ್ನಾದರೂ ಮೂರು ಆಯಾಮದಲ್ಲಿ ತೋರಿಸಬೇಕು.

ಇಷ್ಟು ಬರೆಯುವ ಹೊತ್ತಿಗೆ, ಕೆರೆಯ ಮೀನು ಮಾರುವ ಗಂಗಾ ಮಜ್ಜಿಗೆಗೆಂದು ಬಂದಳು. ಚಿತ್ರ ನೋಡಿದಳು. ನಗುತ್ತಾಳೆಂದುಕೊಂಡಿದ್ದೆ, ನಗಲಿಲ್ಲ. "ಅಕ್ಕೋರ, ಹಿಂಗ ಬಾಯಿ ಬಿಡೋ ಮೀನ ದಿನಾ ನೋಡ್ತೀನ್ರಿ. ನೀರಿನಿಂದ ಹೊರಗ ಬಿದ್ದದ್ದು ಅದು. ಅದರ ಮುಂದ ಕುಂತು ಮಡಿ-ಮೈಲಿಗಿ ಕೇಳಿದ್ರ ಬದುಕತದೇನ್ರಿ?" ಎಂದಳು.

ಅವಳ ತಂಬಿಗೆಗೆ ಮಜ್ಜಿಗೆ ಹೊಯ್ದು ಬಂದು ಮತ್ತೆ ಬರೆಯುತ್ತಿದ್ದೇನೆ. ಗುರುವಾರ ಬರುತ್ತೇನೆ. ಲಿಂಗ ಅಂಗೈಯಲ್ಲಿರುತ್ತದೆ, ಮೀನು ಎದೆಯಲ್ಲಿರುತ್ತದೆ. ಅವೆರಡರ ನಡುವೆ ತಕರಾರಿದ್ದರೆ ಅವೇ ಬಗೆಹರಿಸಿಕೊಳ್ಳಲಿ. ಬಲೂನು ಹಾಕಿದ ಮೇಲೆ ತಾವೇ ಮತ್ತೊಮ್ಮೆ ಅಳೆದು ನೋಡಬೇಕು.

ತಮ್ಮ ಮುಂದೆ ಎಡಮಗ್ಗುಲಾಗಿ ಮಲಗಿದ್ದ ವಿಶ್ವಾಸಿ,
ಮಲ್ಲಿಕಮ್ಮ

ತಾ.ಕ.: ಉತ್ತರ ಒಯ್ಯಲು ಗಂಗಾ ಬರುತ್ತಾಳೆ, ಮೀನಿನ ಬುಟ್ಟಿಯಲ್ಲೇ ಇಟ್ಟು ಕಳಿಸಿರಿ, ಅಡ್ಡಿಯಿಲ್ಲ. ಹಂಪಮ್ಮ ಬಂದು ಕೇಳಿದರೆ ಮಾತ್ರ ಕೊಡಬೇಡಿ. ಆಕೆಯ ಬಾಯಿ ಎಷ್ಟು ತೆರೆಯುತ್ತದೆಂದು ಅಳೆಯಲೂ ಹೋಗಬೇಡಿ. ಅದಕ್ಕೆ ತಮ್ಮ ಮೂರು ಆಯಾಮ ಸಾಲವು.