ಶಾಕವ್ರತವೂ ರಕ್ತ ತೆಳುವಾಗುವ ಗುಳಿಗೆಯೂ

ಗುಳಿಗೆ ನುಂಗುವುದರಲ್ಲಿ ಏನು ಮಹಾ ವಿದ್ಯೆ ಇದೆ? ಬಾಯಿ ತೆರೆಯಬೇಕು, ನೀರು ಕುಡಿಯಬೇಕು. ಮಾನ್ವಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತನಾದವನಿಗೆ ಇಷ್ಟೂ ಬಾರದೆ? ಹೀಗೆಂದುಕೊಂಡೇ ನಾನು ರಾಯಚೂರಿನ ಡಾಕ್ಟರ ಮುಂದೆ ಎದೆಯುಬ್ಬಿಸಿ ಕುಳಿತಿದ್ದೆ. ಉಬ್ಬಿದ ಎದೆಯೊಳಗೆ ಬಡಿತ ಮಾತ್ರ ತಾಳ ತಪ್ಪಿತ್ತು.

"ಸರ, ನಿಮ್ಮ ಎದಿ ಒಮ್ಮೆ ಓಡ್ತದ, ಒಮ್ಮೆ ತಡದು ನಿಂದರ್ತದ. ಹಿಂಗಾದ್ರ ಒಳಗ ರಕ್ತ ಹೆಪ್ಪುಗಟ್ಟಿ, ತಲಿಗೆ ಹೋಗಿ ಲಕ್ವಾ ಹೊಡೀಬಹುದು. ಅದಕ್ಕ ರಕ್ತ ತೆಳ್ಳಗ ಮಾಡೋ ಗುಳಿಗಿ ಬರದು ಕೊಡಾಕತ್ತೀನಿ. ದಿನಾ ತಪ್ಪಲ ಪಲ್ಯ ತಿಂತೀರೇನ್ರಿ?"

"ಎರಡೂ ಹೊತ್ತು! ಮೆಂತ್ಯ, ರಾಜಗಿರಿ, ಪುಂಡಿ!"

"ಹಂಗಾದ್ರ ಎಷ್ಟು ತಿಂತೀರೋ ಅಷ್ಟೇ ತಿನ್ರಿ. ಒಮ್ಮಿಗೇ ಹೆಚ್ಚು ಮಾಡಬ್ಯಾಡ್ರಿ, ಒಮ್ಮಿಗೇ ಬಿಡಬ್ಯಾಡ್ರಿ."

ತಲೆಯಾಡಿಸಿದೆ. ಹೀಗೆ ತಲೆಯಾಡಿಸುವ ಹುಡುಗರು ಮೊದಲ ಬೆಂಚಿನಲ್ಲೇ ಕುಳಿತು ಫೇಲಾಗುವುದನ್ನು ಮೂವತ್ತು ವರ್ಷ ನೋಡಿದ್ದೇನೆ!

ಎರಡು ತಿಂಗಳು ಗುಳಿಗೆಯ ಪ್ರಮಾಣ ನೋಡುವ ರಕ್ತಪರೀಕ್ಷೆಯಲ್ಲಿ ಪಾಸಾಗುತ್ತಲೇ ಹೋದೆ. ಅಷ್ಟರಲ್ಲಿ ಆಷಾಢ ಬಂತು. ನಮ್ಮ ಮನೆತನಗಳಲ್ಲಿ ಚಾತುರ್ಮಾಸ್ಯದ ಮೊದಲ ತಿಂಗಳು ಶಾಕವ್ರತ. ಕಾಯಿಪಲ್ಯ, ಸೊಪ್ಪು, ಮೆಣಸಿನಕಾಯಿ ಯಾವುದನ್ನೂ ಮುಟ್ಟುವಂತಿಲ್ಲ. ಹೆಸರುಬೇಳೆ, ಕಾಳುಮೆಣಸು, ಅನ್ನ, ಮೊಸರು ಇದ್ದರಾಯಿತು.

ನನ್ನ ಹೆಂಡತಿ ವನಮಾಲಾ ಮದುವೆಯಾದಾಗಿನಿಂದ ಈ ವ್ರತವನ್ನು ಒಂದು ವರ್ಷವೂ ಬಿಟ್ಟವಳಲ್ಲ. ನಾನು ಒಂದು ವರ್ಷವೂ ಪೂರ್ತಿ ಮಾಡಿದವನಲ್ಲ! ಸಾಲೆ ಬಿಟ್ಟ ಕೂಡಲೇ ಬಸ್‌ಸ್ಟ್ಯಾಂಡಿಗೆ ಹೋಗಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿ ತಿಂದು, ಸಾಬೂನು ಹಚ್ಚಿ ಎರಡು ಸಲ ಕೈ ತೊಳೆದು, ಪರಮ ಸಾತ್ವಿಕನಾಗಿ ಮನೆ ಸೇರುತ್ತಿದ್ದೆ. ಆಕೆ ಸುಮ್ಮನೆ ಹತ್ತಿರ ಬಂದು ಅಂಗಿ ಮೂಸುತ್ತಿದ್ದಳು.

"ಕೈ ತೊಳಕೊಂಡ್ರ ಆತೇನ್ರಿ? ಅಂಗಿ ಸಾಕ್ಷಿ ಹೇಳ್ಲಿಕತ್ತದ!"

ಕಳೆದ ಮಾಘದಲ್ಲಿ ಆಕೆ ಹೋಗಿಬಿಟ್ಟಳು. ಅದಕ್ಕೆ ವಾರದ ಮೊದಲು ಹಾಸಿಗೆಯಲ್ಲೇ ನಕ್ಕು, "ನಾ ಹೋದ ಮ್ಯಾಲರ ಒಂದು ವರ್ಷ ಖರೇ ಶಾಕವ್ರತ ಮಾಡ್ರಿ" ಎಂದಿದ್ದಳು. ಅದಕ್ಕೂ ತಲೆಯಾಡಿಸಿದ್ದೆ.

ಆದ್ದರಿಂದ ಈ ವರ್ಷ ವ್ರತ ಹಿಡಿದೆ ನೋಡಿ! ಸಾರಿನಲ್ಲಿ ಒಂದು ಕರಿಬೇವಿನ ಎಲೆ ಕಂಡದ್ದಕ್ಕೆ ಇಡೀ ಪಾತ್ರೆ ಚೆಲ್ಲಿಸಿದೆ. ದೇವದುರ್ಗದಿಂದ ಬಂದು ನನ್ನ ಜೊತೆಗಿರುವ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಲೇ ರಾಘ್ಯಾ, ನೀ ಗುಳಿಗಿ ತಗೋಳೋ ಮನಷ್ಯಾ. ಡಾಕ್ಟರಿಗೆ ಒಂದು ಮಾತು ಕೇಳೋ."

"ವ್ರತಕ್ಕ ಡಾಕ್ಟರ್ ಅಪ್ಪಣಿ ಬೇಕೇನ ಅಕ್ಕಾ?" ಎಂದು ಗದರಿಸಿದೆ.

ಎರಡನೆಯ ವಾರ ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬಂತು. ದೇಹಶುದ್ಧಿ ಆರಂಭವಾಗಿದೆ ಎಂದು ಘೋಷಿಸಿದೆ! ಆಮೇಲೆ ಸಂತೆಯ ಚೀಲ ತೂಗುಹಾಕಿದ ತೋಳಿನಲ್ಲಿ ಕಪ್ಪುನೀಲಿ ಕಲೆ ಎದ್ದಿತು. ಚೀಲದ ಬಣ್ಣ ಹತ್ತಿದೆ ಎಂದು ಸಾಬೂನು ಹಚ್ಚಿ ಉಜ್ಜಿದೆ. ಕಲೆ ಇನ್ನಷ್ಟು ಅಗಲವಾಯಿತು.

ಮೂರನೆಯ ವಾರ ಗಡ್ಡ ಹೆರೆಯುವಾಗ ಗದ್ದಕ್ಕೆ ಬ್ಲೇಡು ತಾಗಿತು. ಸಾಸಿವೆಯಷ್ಟು ಗಾಯ. ಅರಿಶಿನ ಒತ್ತಿದೆ, ನಿಲ್ಲಲಿಲ್ಲ. ಪಟಿಕದ ಹರಳು ತಿಕ್ಕಿದೆ, ನಿಲ್ಲಲಿಲ್ಲ. ಅಕ್ಕ ಕಾಫಿಪುಡಿ ತಂದು ಮೆತ್ತಿದಳು. ರಕ್ತ ಕಾಫಿಯನ್ನೂ ತೊಳೆದುಕೊಂಡು ಅಂಗಿಗೆ ಇಳಿಯಿತು. ಕೊನೆಗೆ ಗದ್ದಕ್ಕೆ ಟವೆಲು ಒತ್ತಿಕೊಂಡು ಇಬ್ಬರೂ ರಾಯಚೂರು ಬಸ್ಸು ಹತ್ತಿದೆವು. ಕಲ್ಮಲದಲ್ಲಿ ಹತ್ತಿದ ಅಜ್ಜ ನನ್ನ ಅರಿಶಿನ, ಕಾಫಿ, ರಕ್ತ ಎಲ್ಲವನ್ನೂ ಸಾವಧಾನವಾಗಿ ನೋಡಿದ.

"ಯಾರ್ ಹೊಡದ್ರಿ ಯಪ್ಪಾ?"

"ತನಗ ತಾನ ಹೊಡಕೊಂಡಾನ್ರಿ," ಎಂದಳು ಅಕ್ಕ.

ಡಾಕ್ಟರು ಗಾಯಕ್ಕೆ ಪಟ್ಟಿ ಬಿಗಿದು, ರಕ್ತಪರೀಕ್ಷೆಯ ಕಾಗದ ನೋಡಿ ಕನ್ನಡಕ ತೆಗೆದಿಟ್ಟರು.

"ಪಲ್ಯ ಬಿಟ್ಟೀರೇನ್ರಿ ಸರ?"

"ಮೂರು ವಾರ ಆತ್ರಿ. ವ್ರತ."

"ನಿಮ್ಮ ಊಟ ನೋಡಿ ಗುಳಿಗಿ ಲೆಕ್ಕಾ ಹಾಕಿದ್ನೆಲ್ರಿ! ರಕ್ತ ಹೆಪ್ಪುಗಟ್ಟಾಕ ತಪ್ಪಲ ಪಲ್ಯ ಬೇಕು, ಅದನ್ನ ಬಿಟ್ರ ಅದೇ ಗುಳಿಗಿ ಜಾಸ್ತಿ ಆಗ್ತದ. ರಕ್ತ ಗದ್ದದಾಗ ಬಂತು, ಕಂಡಿತು. ತಲಿಯೊಳಗ ಬಂದಿದ್ರ? ಲೆಕ್ಕದ ಮಾಸ್ತರ ಆಗಿ ಇಷ್ಟು ತಿಳೀಲಿಲ್ಲೇನ್ರಿ? ಮನ್ಯಾಗ ನಿಮಗ ಬೈಯೋರು ಯಾರೂ ಇಲ್ಲೇನು?"

"ಇದ್ದಳ್ರಿ," ಎಂದೆ.

ಅಷ್ಟೇ ಹೇಳಿದ್ದು. ಆಮೇಲೆ ಅರಿಶಿನ ಮೆತ್ತಿದ ಮುಖದಲ್ಲೇ ಅತ್ತುಬಿಟ್ಟೆ. ಬದುಕಿನಲ್ಲಿ ಆಕೆಗೆ ಕೊಟ್ಟು ಉಳಿಸಿಕೊಳ್ಳಬೇಕೆಂದುಕೊಂಡ ಮಾತು ಈ ವ್ರತದ್ದೊಂದೇ ಆಗಿತ್ತು. ಅಕ್ಕ ನನ್ನ ಬೆನ್ನು ಸವರುತ್ತ, ಡಾಕ್ಟರಿಗೆ "ಇವಂದು ಮೊದ್ಲಿಂದ ಹಿಂಗ ರೀ" ಎಂದಳು.

ಒಂದು ದಿನ ಅಲ್ಲೇ ಇಟ್ಟುಕೊಂಡು, ಗುಳಿಗೆ ನಿಲ್ಲಿಸಿ, ಮತ್ತೆ ರಕ್ತ ನೋಡಿ, ಹೊಸದಾಗಿ ಪ್ರಮಾಣ ಬರೆದು ಕಳಿಸಿದರು. ಚೀಟಿಯ ಕೊನೆಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು: ದಿನಾಲು ಪಲ್ಯ ತಿನ್ನತಕ್ಕದ್ದು.

ವ್ರತ ಮುಗಿಯಲು ಇನ್ನೂ ಒಂದು ವಾರವಿತ್ತು. ಅಕ್ಕ ಮೆಂತ್ಯ ಪಲ್ಯ ಬಡಿಸಿದಳು. ಹಾದಿಯ ಕಡೆಗಿನ ಬಾಗಿಲು ತೆರೆದೇ ಇತ್ತು. ಶಾಕವ್ರತದಲ್ಲಿ ಹೀಗೆ ರಾಜಾರೋಷವಾಗಿ ಕುಳಿತು ಪಲ್ಯ ತಿಂದದ್ದು ಇದೇ ಮೊದಲು. ರುಚಿ ಹತ್ತಲಿಲ್ಲ.

ಊಟ ಮುಗಿಸಿ ನಲ್ಲಿಯ ಹತ್ತಿರ ಹೋದೆ. ಸಾಬೂನು ಹಚ್ಚಿ ಕೈ ತೊಳೆದೆ. ಮತ್ತೊಮ್ಮೆ ಹಚ್ಚಿ ತೊಳೆದೆ.

"ಎಷ್ಟು ಸಲ ತೊಳಿತೀಯೋ?" ಎಂದಳು ಅಕ್ಕ.

ಕೈ ಒರೆಸಿಕೊಳ್ಳುತ್ತ ಕೆಳಗೆ ನೋಡಿದೆ. ಅಂಗಿಯ ಮೇಲೆ ಮೆಂತ್ಯದ ಎಲೆಯೊಂದು ಹಾಗೇ ಅಂಟಿತ್ತು. ಇಷ್ಟು ವರ್ಷ ಕಳ್ಳತನ ಮಾಡಿಯೂ ಅಂಗಿ ನೋಡಿಕೊಳ್ಳುವುದು ನನಗೆ ಬರಲೇ ಇಲ್ಲ. ಅದನ್ನು ಆಕೆಯೇ ನೋಡುತ್ತಿದ್ದಳು.