ಮಾವನ ರಿಸರ್ವ್ ನೀರು

ಮಾವ ತೀರಿಕೊಳ್ಳುವ ಹಿಂದಿನ ದಿನ ಮಧ್ಯಾಹ್ನ ಅಟ್ಟದ ಮೇಲೆ ಒಂದು ಖಾಲಿ ಸ್ನಾನದ ತೊಟ್ಟಿಯೊಳಗೆ ಕಾಲು ಚಾಚಿ ಕೂತಿದ್ದರು. ಸೀಮೆಗೆ ವಾಪಸು ಹೊರಟ ದೊರೆಯೊಬ್ಬನ ಬಂಗಲೆಯ ಹರಾಜಿನಲ್ಲಿ ಕೊಂಡ, ಹುಲಿಯ ಪಾದದಂಥ ನಾಲ್ಕು ಕಾಲುಗಳಿದ್ದ ಬಿಳಿ ತೊಟ್ಟಿ. ಅದರಲ್ಲಿ ಅವರು ಸ್ನಾನಕ್ಕೆ ಕೂತಿರಲಿಲ್ಲ. ತಳದಲ್ಲಿ ಎಲ್ಲಾದರೂ ತೂತು ಇದೆಯೇ ಎಂದು ಬೆರಳಿನಿಂದ ತಡವಿ ನೋಡುತ್ತಿದ್ದರು.

ಕೆಳಗಿನಿಂದ ಅವ್ವ ಕೇಳಿದಳು, “ಅಣ್ಣಾ, ಊಟಕ್ಕೆ ಇಳೀತೀಯಾ, ಇಲ್ಲ ಅಲ್ಲಿಗೇ ಬಡಿಸ್ಲಾ?”

“ಇದು ತುಂಬಿದ ಮೇಲೆ ಉಣ್ತೇನೆ.”

“ಹಾಗಾದ್ರೆ ಮಳೆಗಾಲ ಬಂದ ಮೇಲೆ ಅಕ್ಕಿ ಹಾಕ್ತೇನೆ.”

ಅದೇ ನಮ್ಮ ಮನೆಯ ಕೊನೆಯ ಮಾಮೂಲಿ ದಿನ. ಮರುದಿನ ಅವರು ಹೋದರು. ಸಾವಿನ ಸುದ್ದಿಯನ್ನು ಕೋವಿಯಿಂದ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದು ನಮ್ಮಲ್ಲಿ ಪದ್ಧತಿ. ಅಂಗಳಕ್ಕಿಳಿದು ನಾನೇ ಎರಡು ಗುಂಡು ಹಾರಿಸಿದೆ. ಗದ್ದೆಯಾಚೆ ಯಾರೂ ತಲೆ ಎತ್ತಲಿಲ್ಲ. ಅರ್ಧ ಗಂಟೆ ಕಾದು, ಊರಿಗೆ ಹಿರಿಯರಾದ ತಕ್ಕರ ಮನೆಗೆ ಓಡಿದೆ. ಅವರು ಜಗಲಿಯಲ್ಲಿ ಎಲೆಯಡಿಕೆ ಮೆಲ್ಲುತ್ತಾ, ನಗುತ್ತಾ ಕೇಳಿದರು, “ಎಂಥ, ಇವತ್ತು ಎಷ್ಟನೇ ಪೀಪಾಯಿ?”

ಒಬ್ಬ ಮನುಷ್ಯನ ಸಾವನ್ನು ಊರಿಗೆ ಊರೇ ನೀರು ತುಂಬಿದ ಸುದ್ದಿ ಎಂದುಕೊಳ್ಳಬೇಕಾದರೆ, ಆತ ಬದುಕಿದ್ದಾಗ ಅದಕ್ಕಾಗಿ ಎಷ್ಟು ದುಡಿದಿರಬೇಕು ಹೇಳಿ!

ಮಾವ ಎಂದರೆ ಅವ್ವನ ಅಣ್ಣ. ದೊರೆಗಳ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಅಪ್ಪ ಹೋದ ಮೇಲೆ ಅವ್ವ ನನ್ನನ್ನು ಕರೆದುಕೊಂಡು ನಾಪೋಕ್ಲಿನ ಹತ್ತಿರದ ಅವರ ಮನೆಗೆ ಬಂದಳು. ನಮ್ಮ ಕಡೆ ಮಳೆ ಹಿಡಿದರೆ ಪೆಟ್ಟಿಗೆಯೊಳಗಿನ ಕುಪ್ಪಸಕ್ಕೂ ಬೂಷ್ಟು ಬರುತ್ತದೆ. ಅಂಥ ಊರಿನಲ್ಲಿ ನೀರು ಸಾಲದು ಎಂದು ಹೆದರಿದ ಗಂಡಸು ಇವರೊಬ್ಬರೇ.

ಹೆದರಿಕೆಗೆ ಕಾರಣವಿತ್ತು. ನಾನು ಹುಟ್ಟುವ ಮೊದಲು, ಒಂದು ಬೇಸಿಗೆಯಲ್ಲಿ, ಜ್ವರದಲ್ಲಿ ಮಲಗಿದ್ದ ಅತ್ತೆ ನೀರು ಕೇಳಿದರಂತೆ. ಗುಡ್ಡದ ಒರತೆಯಿಂದ ಹಿತ್ತಿಲಿಗೆ ನೀರು ತರುವ ಬಿದಿರಿನ ದಂಬೆಯನ್ನು ಆನೆ ಮುರಿದು ಹಾಕಿತ್ತು. ಮನೆಯ ಕೊಡಗಳೆಲ್ಲ ಖಾಲಿ. ಮಾವ ಹೊಳೆಗೆ ಓಡಿ ಕೊಡ ತುಂಬಿಸಿಕೊಂಡು ಬರುವಷ್ಟರಲ್ಲಿ ಅತ್ತೆ ಇರಲಿಲ್ಲ. ಈ ಮನೆಯಲ್ಲಿ ಇನ್ನು ಯಾರೂ ನೀರು ಕೇಳಿ ಕಾಯಬಾರದು ಎಂಬುದೊಂದೇ ಅವರ ಹಟ. ಉಳಿದದ್ದೆಲ್ಲ ಅದರ ಮೇಲೆ ಬೆಳೆದದ್ದು.

ಮೊದಲು ದಂಬೆ ಹೋಗಿ ಕಬ್ಬಿಣದ ಪೈಪು ಬಂತು, ಅಡುಗೆಮನೆಗೆ ಹಿತ್ತಾಳೆಯ ನಲ್ಲಿ ಬಂತು. ಬೇರೆಯವರಾದರೆ ಅಲ್ಲಿಗೆ ನಿಲ್ಲಿಸುತ್ತಿದ್ದರು. ಮಾವ ಎಸ್ಟೇಟಿನ ಫಿಟ್ಟರನ್ನು ಹಿಡಿದು ನಿಲ್ಲಿಸಿದರು.

“ಪೈಪಿನೊಳಗೆ ಕಪ್ಪೆ ಹೊಕ್ಕರೆ?”

“ನಲ್ಲೀಲಿ ಹೊರಗೆ ಬರ್ತದೆ, ರೈಟ್ರೇ.”

“ಬರದಿದ್ರೆ?”

ಕಟ್ಟಿಟ್ಟಿದ್ದ ಹತ್ಯಾರಗಳನ್ನು ಫಿಟ್ಟರ್ ಮತ್ತೆ ಬಿಚ್ಚಿದ. ಒರತೆ ನಮ್ಮ ಮಾಡಿಗಿಂತ ಎತ್ತರದಲ್ಲಿದ್ದುದರಿಂದ ನೀರು ತಾನಾಗಿ ಅಟ್ಟಕ್ಕೆ ಏರುತ್ತಿತ್ತು. ಪೈಪಿಗೊಂದು ಕವಲು ಹಾಕಿಸಿ, ಅಟ್ಟದಲ್ಲಿ ಮರದ ಪೀಪಾಯಿ ಕೂರಿಸಿ, ಎಸ್ಟೇಟಿನ ಮಾತಿನಲ್ಲಿ ಅದನ್ನು ರಿಸರ್ವ್ ಎಂದು ಕರೆದರು. ಅದರಿಂದ ನಲ್ಲಿಗೆ ನೀರು ಬಿಡುವ ತಿರುಪಿನ ಹಿಡಿಯನ್ನು ಬಿಚ್ಚಿ ತಮ್ಮ ಸೊಂಟಕ್ಕೆ ಕಟ್ಟಿಕೊಂಡರು.

ಪೀಪಾಯಿ ತುಂಬಿ ತುಳುಕಿದ ಸಂತೋಷಕ್ಕೆ ಅಂಗಳದಲ್ಲಿ ನಿಂತು ಒಂದು ಗುಂಡು ಹಾರಿಸಿದರು. ನಮ್ಮಲ್ಲಿ ಒಂದು ಗುಂಡು ಎಂದರೆ ಗಂಡುಮಗು ಹುಟ್ಟಿದೆ ಎಂದು ಅರ್ಥ. ಮನೆಯಲ್ಲಿದ್ದ ಹೆಂಗಸು ಅವ್ವ ಒಬ್ಬಳೇ. ಅಪ್ಪ ತೀರಿಕೊಂಡು ಒಂಬತ್ತು ವರ್ಷ! ಬೆಲ್ಲ, ಬಾಳೆಹಣ್ಣು ಹಿಡಿದು ಬಂದ ನೆರೆಮನೆಯ ಹೆಂಗಸರು ಅಂಗಳದಲ್ಲೇ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಳಗೆ ಬಂದು ವಿಚಾರಿಸಲು ಯಾರಿಗೂ ಧೈರ್ಯವಿಲ್ಲ. ಅವ್ವ ನಾಲ್ಕು ದಿನ ಮಾವನ ಜೊತೆ ಮಾತಾಡಲಿಲ್ಲ.

ಪೀಪಾಯಿಯೇ ಸೋರಿದರೆ? ರಿಸರ್ವಿಗೊಂದು ರಿಸರ್ವ್ ಬೇಡವೇ? ಎರಡನೆಯದು ಬಂತು. ಅದು ತುಂಬಿದ ದಿನ ಮಾವ, “ಒಂದು ಹೊಡೆದ್ರೆ ಜನ ತಪ್ಪು ತಿಳೀತಾರೆ” ಎಂದು ಎರಡು ಹಾರಿಸಿದರು. ನೇಗಿಲು ಬಿಟ್ಟು, ಉಣ್ಣುವ ತಟ್ಟೆ ಬಿಟ್ಟು ಜನ ಓಡಿಬಂದರು. ಸಾವಿನ ಮನೆಗೆಂದು ಬಿಳಿ ಉಟ್ಟು ಬಂದ ತಕ್ಕರು ಜಗಲಿಯಲ್ಲಿ ಕೋವಿ ಒರೆಸುತ್ತಿದ್ದ ಮಾವನನ್ನು ಕಂಡು ನಿಂತುಬಿಟ್ಟರು.

“ನೀನಲ್ವಾ?”

“ನಾನಲ್ಲ. ಎರಡನೇ ಪೀಪಾಯಿ.”

ತಕ್ಕರು ಅಟ್ಟದ ಕಡೆ ತಲೆ ಎತ್ತಿ ನೋಡಿದರು. “ಇಷ್ಟು ದೂರ ಬಂದಾಯ್ತಲ್ಲ ಮಾರಾಯ, ಅದನ್ನಾದ್ರೂ ತೋರ್ಸು.”

ಬಂದವರೆಲ್ಲ ಸಾಲಾಗಿ ಏಣಿ ಹತ್ತಿ, ಪೀಪಾಯಿಯ ಮುಖ ನೋಡಿ, ಗಂಭೀರವಾಗಿ ಇಳಿದು ಹೋದರು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಎರಡೆರಡೇ ಹಾರಿದವು. ಊರು ಕಿವಿಗೊಡುವುದನ್ನೇ ಬಿಟ್ಟಿತು.

ಇಷ್ಟೆಲ್ಲ ಇದ್ದ ಮೇಲೆ ನಮಗೆ ನೀರಿನ ಸುಖವಿತ್ತು ಎಂದುಕೊಂಡಿರಾ? ಈ ಬೇಸಿಗೆಯಲ್ಲಿ ಒರತೆ ಸೊರಗಿ ನಲ್ಲಿ ನಿಂತಿತು. ಅವ್ವ ಕೊಡ ಎತ್ತಿಕೊಂಡು ಅಂಗಳದಲ್ಲಿ ನಿಂತಳು.

“ನಾಲ್ಕು ಪೀಪಾಯಿ ತಲೆ ಮೇಲೆ ಇಟ್ಕೊಂಡು ನಾನು ಹೊಳೆಗೆ ಹೋಗ್ಬೇಕಾ, ಅಣ್ಣಾ?”

“ಖರ್ಚು ಮಾಡಿದ್ರೆ ಅದು ರಿಸರ್ವ್ ಎಂಥದು?”

“ಮತ್ತೆ ತೆಗೆಯೋದು ಯಾವಾಗ?”

“ನೀರು ಇಲ್ಲದಾಗ.”

“ಈಗ ಎಲ್ಲಿ ಉಂಟು?”

“ಹೊಳೇಲಿ ಉಂಟಲ್ಲ.”

ಹೀಗೆಂದು ತಾವೂ ಒಂದು ಕೊಡ ಹೆಗಲಿಗೇರಿಸಿ ಅವ್ವನ ಹಿಂದೆ ಹೊರಟರು. ದಾರಿಯುದ್ದಕ್ಕೂ ಅವ್ವ ಬೈದಳು. ಮಾವ ಒಂದೇ ಒಂದು ಹನಿ ಚೆಲ್ಲದಂತೆ ನಡೆದರು. ಅಟ್ಟದಲ್ಲಿ ಐದನೆಯದಾಗಿ ತೊಟ್ಟಿ ಬಂದು ಕೂತದ್ದು ಅದಾದ ಮೂರನೆಯ ವಾರ.

ತೊಟ್ಟಿಯಲ್ಲಿ ಕೂತು ತೂತು ಹುಡುಕಿದ ಮರುದಿನ ಬೆಳಿಗ್ಗೆ, ಗಂಜಿಯ ಮುಂದೆ ಕೂತವರು ಎದೆ ಹಿಡಿದುಕೊಂಡು ಗೋಡೆಗೆ ಒರಗಿದರು. ಅವ್ವ ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮಾವ ನೀರು ಕೇಳಿದರು. ಹೊಳೆಯಿಂದ ತಂದದ್ದು ಗಂಜಿಗೆ ಮುಗಿದಿತ್ತು. ನಲ್ಲಿ ತಿರುಗಿಸಿದೆ, ಗಾಳಿ ಬಂತು. ಏಣಿ ಹತ್ತಿ, ಮೊದಲ ಪೀಪಾಯಿಯಿಂದ ಒಂದು ಚೊಂಬು ಮೊಗೆದು ತಂದೆ. ಐವತ್ತು ಎಣಿಸುವಷ್ಟು ಹೊತ್ತೂ ಆಗಿರಲಿಲ್ಲ.

ಚೊಂಬು ತುಟಿಗೆ ಹಿಡಿದಾಗ ಮಾವ ನನ್ನನ್ನು ನೋಡಿದರು. “ಇದು ಯಾವ ನೀರು?”

“ನಲ್ಲಿಯದು ಮಾವ. ಈಗ ಬಂತು.”

“ರಿಸರ್ವ್ ಮುಟ್ಟಿಲ್ಲ ಅಲ್ವಾ?”

“ಇಲ್ಲ ಮಾವ.”

ಮೂರು ಗುಟುಕು ಕುಡಿದರು. ನಾಲ್ಕನೆಯದು ಕೆನ್ನೆಯ ಮೇಲೆ ಇಳಿಯಿತು. ಅವ್ವ ಅದನ್ನು ಸೆರಗಿನಿಂದ ಒರೆಸಿದಳು.

ಅವರಿಗೆ ಕೊನೆಯ ಸ್ನಾನ ಮಾಡಿಸಿದ್ದೂ, ಹನ್ನೊಂದು ದಿನ ಬಂದವರೆಲ್ಲ ಕೈಕಾಲು ತೊಳೆದದ್ದೂ ಆ ನೀರಿನಲ್ಲೇ. ನಾಲ್ಕೂ ಪೀಪಾಯಿ ಖಾಲಿಯಾದವು. ಈಗ ಮಳೆ ಹಿಡಿದಿದೆ, ಪೈಪಿನಲ್ಲಿ ನೀರು ಜೋರಾಗಿ ಬರುತ್ತಿದೆ. ಎಲ್ಲವನ್ನೂ ಮತ್ತೆ ತುಂಬಿಸಿದ್ದೇನೆ. ಅದನ್ನು ಮುಟ್ಟಬೇಡ ಎನ್ನುವವರು ಮನೆಯಲ್ಲಿಲ್ಲ.